ಬರೆದವರ ಹೆಸರು

ತನ್ನ ಹೆಸರು ಇರಬೇಕಾದ ಜಾಗದಲ್ಲಿ ಇನ್ನೊಬ್ಬರ ಹೆಸರನ್ನು ವನೆಸ್ಸಾ ರೊಸಾರಿಯೊ ಮೊದಲು ನೋಡಿದ್ದು ಕಾಪು ಪೇಟೆಯಲ್ಲಿ, ಅನ್ಸಾರ್‌ನ ಕಂಪ್ಯೂಟರ್ ಅಂಗಡಿಯಲ್ಲಿ.

ಅನ್ಸಾರ್ ಅವಳ ಕಾಲೇಜಿನ ಸಹಪಾಠಿ. ಕೆಲವು ವರ್ಷ ದುಬೈಯಲ್ಲಿದ್ದು ಬಂದು ಹೆದ್ದಾರಿಯ ಹತ್ತಿರ ಅಂಗಡಿ ಹಾಕಿದ್ದ. ಮಣಿಪಾಲದ ‘ಪಡುಗಾಳಿ ಸಿಸ್ಟಮ್ಸ್’ ಎಂಬ ಕಂಪನಿ ಮಾಡುವ ಅಂಗೈಯಗಲದ ಕಂಪ್ಯೂಟರುಗಳನ್ನು ಶಾಲೆಗಳಿಗೆ, ಕ್ಲಿನಿಕ್‌ಗಳಿಗೆ ಮಾರುತ್ತಿದ್ದ. ವನೆಸ್ಸಾ ಅದೇ ಪಡುಗಾಳಿಯಲ್ಲಿ ಕೆಲಸ ಮಾಡಿ, ಬಿಟ್ಟು, ಈಗ ಶಂಕರಪುರದ ಮನೆಯಿಂದಲೇ ಬೇರೆಯವರಿಗೆ ಪ್ರೋಗ್ರಾಂ ಬರೆದು ಕೊಡುತ್ತಿದ್ದಳು. ಆ ದಿನ ಒಂದು ಕಂಪ್ಯೂಟರಿನ ವೈಫೈ ಆಗಾಗ ಹೋಗುತ್ತದೆಂದು ಅನ್ಸಾರ್ ಅವಳನ್ನು ಕರೆಸಿದ್ದ. ಅವಳು ವೈಫೈ ನಡೆಸುವ ಪ್ರೋಗ್ರಾಂನ, ಅಂದರೆ ಡ್ರೈವರಿನ, ವಿವರ ತೆರೆದಳು. ಬರೆದವರು ಎಂಬಲ್ಲಿ ಪಡುಗಾಳಿಯ ಮಾಲೀಕ ಮನೀಶ್‌ನ ಹೆಸರಿತ್ತು.

ಅವಳು ಪರದೆಯಿಂದ ಕಣ್ಣು ತೆಗೆಯದ್ದನ್ನು ನೋಡಿ ಅನ್ಸಾರ್ ಬಗ್ಗಿ ಓದಿದ.

“ಇದು ನೀನು ಬರೆದದ್ದಲ್ವಾ?”

“ಹೌದು.”

“ಮತ್ತೆ ಅವನ ಹೆಸರು ಯಾಕೆ ಉಂಟು ಇದರಲ್ಲಿ?”

ವನೆಸ್ಸಾ ಚೀಲ ಎತ್ತಿಕೊಂಡಳು. ಅನ್ಸಾರ್ ಚಾ ತರಿಸುತ್ತೇನೆ ಎಂದರೂ ನಿಲ್ಲದೆ ಬಸ್ಸು ಹತ್ತಿ ಹೋದಳು.

ಆ ಡ್ರೈವರಿನ ಕಥೆ ಹೀಗೆ. ಪಡುಗಾಳಿಯವರ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದದ್ದು ಲಿನಕ್ಸ್. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆ ಅದು. ಆದರೆ ಮನೀಶ್ ಅಗ್ಗಕ್ಕೆ ತರಿಸಿದ್ದ ವೈಫೈ ಚಿಪ್ ಮಾಡಿದ ಹೊರದೇಶದ ಕಾರ್ಖಾನೆಗೆ ಲಿನಕ್ಸ್ ಬೇಡವಾಗಿತ್ತು. ವಿಂಡೋಸ್‌ಗೆ ಬೇಕಾದ್ದನ್ನು ಕೊಟ್ಟಿದ್ದರು. ಲಿನಕ್ಸ್‌ಗೆಂದು ಕೊಟ್ಟದ್ದು ಯಾರೂ ತೆರೆದು ತಿದ್ದಲಾಗದ ಒಂದು ಹಳೆಯ ಫೈಲು ಮಾತ್ರ. ಲಿನಕ್ಸ್‌ನ ಹೊಸ ಆವೃತ್ತಿ ಬಂದ ಕೂಡಲೇ ಆ ಫೈಲು ಕೆಲಸ ನಿಲ್ಲಿಸುತ್ತಿತ್ತು, ಶಾಲೆಗಳಿಂದ ಫೋನು ಬರುತ್ತಿತ್ತು. ಚಿಪ್ ಹೇಗೆ ಕೆಲಸ ಮಾಡುತ್ತದೆಂಬ ವಿವರ ಕೇಳಿದರೆ ಕಾರ್ಖಾನೆಯವರು ಅದು ಗೌಪ್ಯ ಎಂದರು.

ಡ್ರೈವರ್ ಎಂದರೆ ಕಂಪ್ಯೂಟರಿಗೂ ಚಿಪ್‌ಗೂ ನಡುವಿನ ದುಭಾಷಿ. ಚಿಪ್‌ನ ಭಾಷೆಯನ್ನು ಯಾರೂ ಕಲಿಸದಿದ್ದರೆ ಕದ್ದು ಕೇಳಿ ಕಲಿಯಬೇಕು. ವನೆಸ್ಸಾ ಅದನ್ನೇ ಮಾಡಿದಳು. ವಿಂಡೋಸ್ ಆ ಚಿಪ್‌ನೊಡನೆ ಆಡುವ ಮಾತನ್ನೆಲ್ಲ ಹಿಡಿದಿಟ್ಟು, ಯಾವ ಸಂಖ್ಯೆ ಕಳಿಸಿದರೆ ಏನಾಗುತ್ತದೆಂದು ಒಂದೊಂದಾಗಿ ನೋಡುತ್ತಾ ಹೋದಳು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಆಫೀಸಿನಲ್ಲಿ ಕನ್ನಡ ಆಡುವವಳಿಗೆ ಇನ್ನೊಂದು ಭಾಷೆ ಕಲಿಯುವುದರಲ್ಲಿ ಹೆದರಿಕೆ ಇರಲಿಲ್ಲ. ಆದರೂ ಅದು ಒಂದು ವರ್ಷದ ಮೇಲೆ ಹಿಡಿಯಿತು. ಅದೇ ವರ್ಷ ಅವಳ ತಂದೆ ಫೌಸ್ಟಿನ್‌ರ ಮೂತ್ರಪಿಂಡಗಳು ಸೋತವು.

ಅವಳು ಉಡುಪಿಯ ಆಸ್ಪತ್ರೆಯಲ್ಲಿ ತಂದೆಯ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದಳು. ಫೌಸ್ಟಿನ್ ಆಗಾಗ ಕಣ್ಣು ತೆರೆದು, “ನಿನ್ನ ಚಿಪ್ ಎಂತ ಹೇಳಿತು ಇವತ್ತು?” ಎಂದು ಕೇಳುತ್ತಿದ್ದರು. ಹೊಸದೇನಾದರೂ ಗೊತ್ತಾಗಿದ್ದರೆ ಅವಳು ಹೇಳುತ್ತಿದ್ದಳು. ಅರ್ಥವಾಗದಿದ್ದರೂ ಅವರು ತಲೆ ಆಡಿಸುತ್ತಿದ್ದರು.

ಕಡೆಗೆ ವೈಫೈ ನಡೆಯಿತು. ಮಂಗಳೂರಿನ ಗಿರಾಕಿಗಳು ನೋಡಲು ಬರುವ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದ ತಾಯಿ, ಹೆಸರು ಬರ್ತಾ, ಫೋನು ಮಾಡಿ ಕೂಡಲೇ ಬಾ ಎಂದರು. ವನೆಸ್ಸಾ ಚೀಲ ಹೆಗಲಿಗೆ ಹಾಕಿಕೊಂಡಾಗ ಮನೀಶ್ ಆಫೀಸಿನ ಬಾಗಿಲಿಗೆ ಅಡ್ಡ ನಿಂತ.

“ಒಂದು ಗಂಟೆ ಮಾತ್ರ, ವನೆಸ್ಸಾ. ಡೆಮೊ ನಿನಗಲ್ಲದೆ ಯಾರಿಗೂ ಬರುವುದಿಲ್ಲ. ಮುಗಿದ ಕೂಡಲೇ ನನ್ನ ಕಾರಿನಲ್ಲೇ ಕಳಿಸ್ತೇನೆ.”

ಗಿರಾಕಿಗಳು ತಡವಾಗಿ ಬಂದರು. ಬಂದವರು ಪ್ರಶ್ನೆ ಕೇಳಿದರು. ಮನೀಶ್ ಅವರನ್ನು ಊಟಕ್ಕೆ ಕೂರಿಸಿದ. ಅವನ ಕಾರು ಉಡುಪಿ ತಲುಪುವಾಗ ಫೌಸ್ಟಿನ್ ಇರಲಿಲ್ಲ. ಬರ್ತಾ ಅಳುತ್ತಿರಲಿಲ್ಲ. “ನಿನ್ನನ್ನು ಕೇಳಿದರು,” ಎಂದಷ್ಟೇ ಹೇಳಿದರು.

ಮನೀಶ್ ಅಂತ್ಯಕ್ರಿಯೆಗೆ ಬಂದಿದ್ದ. ಇಗರ್ಜಿಯ ಹೊರಗೆ ಅವಳ ಎರಡೂ ಕೈ ಹಿಡಿದು, “ಈ ಡ್ರೈವರನ್ನು ನಿನ್ನ ಹೆಸರಿನಲ್ಲೇ ಲಿನಕ್ಸ್‌ಗೆ ಸೇರಿಸ್ತೇನೆ. ಅಪ್ಪನ ನೆನಪಿಗೆ ಅದೊಂದು ಇರಲಿ,” ಎಂದಿದ್ದ. ಆ ಮಾತಿಗಾಗಿಯೇ ಅವಳು ಅವನ ಮೇಲೆ ಸಿಟ್ಟು ಇಟ್ಟುಕೊಳ್ಳದೆ ಕೆಲಸ ಬಿಟ್ಟಿದ್ದಳು. ಆ ಮೇಜಿನ ಮುಂದೆ ಮತ್ತೆ ಕೂರಲು ಅವಳಿಂದ ಆಗಲಿಲ್ಲ, ಅಷ್ಟೆ.

ಕಾಪುವಿನಿಂದ ಮನೆಗೆ ಬಂದವಳು ಲಿನಕ್ಸ್‌ನ ವೈಫೈ ಕೆಲಸ ಮಾಡುವವರ ಮೇಲಿಂಗ್ ಲಿಸ್ಟ್, ಅಂದರೆ ಎಲ್ಲರೂ ಓದಬಹುದಾದ ಇಮೇಲ್ ಗುಂಪು, ತೆರೆದಳು. ಜಗತ್ತಿನ ಎಲ್ಲೆಲ್ಲಿನವರೋ ತಾವು ಬರೆದದ್ದನ್ನು ಅಲ್ಲಿಗೆ ಕಳಿಸುತ್ತಾರೆ, ಉಳಿದವರು ಎಲ್ಲರೆದುರಿಗೇ ಪರೀಕ್ಷೆ ಮಾಡುತ್ತಾರೆ, ಒಪ್ಪಿಗೆಯಾದರೆ ಅದು ಲಿನಕ್ಸ್‌ನ ಭಾಗವಾಗುತ್ತದೆ. ಹಾಗೆ ಸೇರಿದ ಡ್ರೈವರ್ ಮತ್ತೆ ಮತ್ತೆ ಕೆಟ್ಟು ನಿಲ್ಲುವುದಿಲ್ಲ, ಲಿನಕ್ಸ್ ಬದಲಾದ ಹಾಗೆ ಅದೂ ಬದಲಾಗುತ್ತದೆ. ಮನೀಶ್ ಅಲ್ಲಿಗೆ ಡ್ರೈವರ್ ಕಳಿಸಿ ಕೆಲವೇ ದಿನ ಆಗಿತ್ತು. ‘ಇದನ್ನು ನಾನು ಬರೆದಿದ್ದೇನೆ’ ಎಂದು ಸಹಿ ಹಾಕಿದ್ದ. ಫೈಲಿನ ತಲೆಯಲ್ಲಿ ಅವಳು ತನ್ನ ಹೆಸರು ಹಾಕಿದ್ದ ಸಾಲು ಇರಲಿಲ್ಲ. ಉಳಿದದ್ದೆಲ್ಲ ಹಾಗೇ ಇತ್ತು.

ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಬರ್ತಾ ಮಗಳ ಮುಖ ನೋಡಿ ಏನೆಂದು ಕೇಳಿದರು. ವನೆಸ್ಸಾ ಹೇಳಿದಳು.

ಬರ್ತಾ ಬಾಳೆನಾರಿನ ಗಂಟು ಬಿಗಿದರು. “ಪ್ರಾರ್ಥನೆಯಲ್ಲಿ ನಾನು ಅವನನ್ನು ದಿನಾ ಕ್ಷಮಿಸ್ತೇನೆ,” ಎಂದರು ಆಮೇಲೆ. “ಬಾಯಲ್ಲಿ ಮಾತ್ರ.”

ವನೆಸ್ಸಾ ಆ ಕ್ಷಣವೇ ಲಿಸ್ಟಿಗೆ ಬರೆದು ಗಲಾಟೆ ಮಾಡಬಹುದಿತ್ತು. ಮಾಡಲಿಲ್ಲ. ಕೆಲಸ ಬಿಟ್ಟ ಹುಡುಗಿಯ ಹೊಟ್ಟೆಕಿಚ್ಚು ಎಂದು ಅವನು ನಕ್ಕುಬಿಡುತ್ತಿದ್ದ. ಸಂಬಳ ಕೊಟ್ಟದ್ದು ತಾನು, ಕೋಡ್ ಕಂಪನಿಯದ್ದು ಎನ್ನುತ್ತಿದ್ದ, ಅದೂ ಒಂದು ಲೆಕ್ಕಕ್ಕೆ ಸರಿಯೇ. ಆದರೆ ಅವನು ಕಂಪನಿಯದ್ದು ಎಂದು ಬರೆದಿರಲಿಲ್ಲ, ತಾನು ಬರೆದದ್ದು ಎಂದಿದ್ದ. ಅವನು ದಿವಾಳಿಯಾಗುವುದು ಅವಳಿಗೆ ಬೇಕಿರಲಿಲ್ಲ. ಅವನು ಜನರೆದುರು ನಿಂತು ಬಾಯಿ ತೆರೆದು, ಆ ಬಾಯಿಯಿಂದ ಏನೂ ಬಾರದೆ ಹೋಗುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಅದಕ್ಕೆ ಒಂದು ದಾರಿಯಿತ್ತು. ಡ್ರೈವರಿನಲ್ಲಿ ಒಂದು ದೋಷ ಉಳಿದಿತ್ತು, ಅನ್ಸಾರ್‌ನ ಅಂಗಡಿಯಲ್ಲಿ ಕಂಡದ್ದು ಅದೇ. ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಸ್ವಲ್ಪ ಹೊತ್ತು ಮಲಗಿ ಎದ್ದರೆ ತೊಂದರೆ ಇಲ್ಲ. ಬಹಳ ಹೊತ್ತು ಮಲಗಿದ್ದರೆ ಚಿಪ್ ಎದ್ದ ಕೂಡಲೇ ‘ನಾನು ತಯಾರು’ ಎಂದು ಸುಳ್ಳು ಹೇಳುತ್ತದೆ. ಡ್ರೈವರ್ ಅದನ್ನು ನಂಬಿ ಕೆಲಸ ಕೊಡುತ್ತದೆ, ವೈಫೈ ಸತ್ತುಹೋಗುತ್ತದೆ. ಆ ಮೊದಲ ಮಾತನ್ನು ನಂಬದೆ, ಕಾದು, ಇನ್ನೊಮ್ಮೆ ಕೇಳಬೇಕೆಂದು ಅವಳಿಗೆ ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಗೊತ್ತಾಗಿತ್ತು. ಅದನ್ನು ಆಫೀಸಿನಲ್ಲಿ ಯಾರಿಗೂ ಹೇಳುವಷ್ಟು ಸಮಯ ಸಿಕ್ಕಿರಲಿಲ್ಲ.

ಅವಳು ತನ್ನ ಪೂರ್ತಿ ಹೆಸರಿನಲ್ಲಿ ಲಿಸ್ಟಿಗೆ ಎರಡು ಪ್ರಶ್ನೆ ಬರೆದಳು, ಬಹಳ ವಿನಯದಿಂದ. ದೀರ್ಘ ನಿದ್ದೆಯ ನಂತರ ಈ ಚಿಪ್ ಏಕೆ ನಿಲ್ಲುತ್ತದೆ? ಶುರುವಿನಲ್ಲಿ ಕಳಿಸುವ ಇಂಥ ಸಂಖ್ಯೆ ಎಲ್ಲಿಂದ ಬಂತು?

ಮರುದಿನವೇ ಮನೀಶ್‌ನ ಫೋನು ಬಂತು.

“ವನೆಸ್ಸಾ, ಎಂತ ಇದು? ನನಗೆ ಒಂದು ಫೋನು ಮಾಡಿದ್ದರೆ ಆಗ್ತಿತ್ತಲ್ಲ. ಎಲ್ಲರೆದುರು ಕೇಳುವುದಾ?”

“ಲಿಸ್ಟಿನಲ್ಲೇ ಉತ್ತರ ಕೊಡಿ, ಸರ್.”

“ಹೆಸರಿನ ವಿಷಯ ಆದರೆ ಕೂತು ಮಾತಾಡುವ. ಅದು ಕಂಪನಿಯ ಅಗತ್ಯಕ್ಕೆ ಹಾಗೆ ಮಾಡಿದ್ದು. ಸೇರಿದ ಮೇಲೆ ಬದಲಾಯಿಸ್ತಿದ್ದೆ.”

“ನಾನು ಹೆಸರು ಕೇಳಲೇ ಇಲ್ಲ, ಸರ್. ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದ್ದು.”

ಅವನು ಫೋನು ಇಟ್ಟ. ಲಿಸ್ಟಿನಲ್ಲಿ ಬಂದ ಉತ್ತರ ಉದ್ದವಾಗಿತ್ತು, ಒಳಗೆ ಏನೂ ಇರಲಿಲ್ಲ. ವನೆಸ್ಸಾ ಮತ್ತೆ ಕೇಳಿದಳು. ಮತ್ತೆ ಉತ್ತರ ಬಂತು, ಇನ್ನೂ ಉದ್ದ. ಅಷ್ಟರಲ್ಲಿ ಲಿಸ್ಟಿನಲ್ಲಿ ಒಪ್ಪಿಗೆ ಕೊಡುವ ಅಧಿಕಾರವಿದ್ದ, ಪ್ರಾಗ್‌ನಲ್ಲಿದ್ದ ಒಬ್ಬ ಹೆಂಗಸು ನಡುವೆ ಬಂದಳು. ಈ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಸಿಗುವ ತನಕ ಡ್ರೈವರನ್ನು ಸೇರಿಸಲಾಗದು ಎಂದು ಬರೆದಳು.

ಅನ್ಸಾರ್‌ಗೆ ಇದು ಇಷ್ಟವಾಗಲಿಲ್ಲ.

“ದೋಷ ಎಲ್ಲಿ ಅಂತ ನಿನಗೆ ಗೊತ್ತುಂಟು. ಸರಿ ಮಾಡಿ ಕೊಡು ಮಾರಾಯ್ತಿ. ಪಡುಬಿದ್ರಿಯ ಕ್ಲಿನಿಕ್‌ನವರು ದಿನಾ ಬೈತಾರೆ, ನನಗೆ. ಮನೀಶ್‌ಗಲ್ಲ.”

“ನಿನಗೆ ಕೊಟ್ಟರೆ ಅವನಿಗೂ ಸಿಗ್ತದೆ, ಅನ್ಸಾರ್. ಇದು ಎಲ್ಲರೂ ನೀರು ಸೇದುವ ಬಾವಿ. ಒಬ್ಬನಿಗೆ ಮಾತ್ರ ಬೀಗ ಹಾಕಲಿಕ್ಕೆ ಆಗುವುದಿಲ್ಲ.”

“ಹಾಗಂತ ಊರಿಗೇ ಬೀಗ ಹಾಕ್ತೀಯಾ?”

“ಸ್ವಲ್ಪ ದಿನ. ಅಷ್ಟರವರೆಗೆ ಕಂಪ್ಯೂಟರ್ ಮಲಗದ ಹಾಗೆ ಮಾಡಿಡು.”

ಅನ್ಸಾರ್ ಪಡುಬಿದ್ರಿಗೆ ಹೋಗಿ ಹಾಗೆ ಮಾಡಿಟ್ಟು ಬಂದ. ಆದರೆ ಕೆಲವು ದಿನ ಅವಳೊಡನೆ ಮಾತು ಕಡಿಮೆ ಮಾಡಿದ.

ಮನೀಶ್ ಶಂಕರಪುರಕ್ಕೆ ಬಂದದ್ದು ಒಂದು ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ತಾಯಿ ಮಗಳು ಮನೆಗೆ ಬಂದ ಹೊತ್ತಿಗೆ. ಕಾರ್ಕಳದಲ್ಲಿ ಹಲವು ಶಾಲೆ ನಡೆಸುವ ಒಂದು ಸಂಸ್ಥೆ ಅವನ ಕಂಪ್ಯೂಟರುಗಳನ್ನು ಕೊಳ್ಳಲು ಮುಂದೆ ಬಂದಿತ್ತು. ಆದರೆ ಹಿಂದೆ ಒಮ್ಮೆ ಇಂಥ ವೈಫೈಯಿಂದ ಕೈ ಸುಟ್ಟುಕೊಂಡವರು ಅವರು. ಡ್ರೈವರ್ ಲಿನಕ್ಸ್‌ನೊಳಗೆ ಸೇರಿದ್ದರೆ ಮಾತ್ರ, ಅಥವಾ ಬರೆದವರೇ ಮುಂದೆಯೂ ನೋಡಿಕೊಳ್ಳುವುದಾದರೆ ಮಾತ್ರ ಎಂದು ಹೇಳಿದ್ದರು. ಮನೀಶ್ ಅದನ್ನೆಲ್ಲ ಮುಚ್ಚಿಡಲಿಲ್ಲ.

“ನಿನ್ನ ಹೆಸರು ನನ್ನ ಹೆಸರಿನ ಕೆಳಗೆ ಹಾಕುವ. ಇಬ್ಬರೂ ಬರೆದದ್ದು ಅಂತ. ಆಗಬಹುದಾ?”

“ನೀವು ಎಷ್ಟು ಬರೆದಿರಿ, ಸರ್?”

ಅವನು ಬರ್ತಾರ ಕಡೆ ನೋಡಿದ. ಬರ್ತಾ ಚಾದ ಲೋಟ ಅವನ ಮುಂದಿಟ್ಟು ಅಲ್ಲೇ ಕುರ್ಚಿ ಎಳೆದು ಕೂತರು. ಎದ್ದು ಹೋಗುವ ಲಕ್ಷಣ ಕಾಣಿಸಲಿಲ್ಲ.

“ನಿನಗೆ ಎಂತ ಬೇಕು ಹೇಳು,” ಎಂದ ಮನೀಶ್.

“ಲಿಸ್ಟಿನಲ್ಲಿ ಬರೆಯಿರಿ. ಇದನ್ನು ವನೆಸ್ಸಾ ರೊಸಾರಿಯೊ ಬರೆದದ್ದು, ಅವಳ ಹೆಸರು ತೆಗೆದು ನನ್ನದು ಹಾಕಿದೆ ಅಂತ. ಬರೆದರೆ ಅರ್ಧ ಗಂಟೆಯಲ್ಲಿ ದೋಷ ಸರಿ ಮಾಡಿ ಕೊಡ್ತೇನೆ.”

“ಹಾಗೆ ಬರೆದರೆ ನಾಳೆ ನನಗೆ ಮರ್ಯಾದೆ ಉಂಟಾ? ಕಂಪನಿ ಕಟ್ಟಿದವ ನಾನು. ನಿನ್ನ ಅಪ್ಪನ ಆಸ್ಪತ್ರೆಯ ಸಮಯದಲ್ಲಿ ನಾನು ಒಂದು ದಿನ ರಜೆ ಇಲ್ಲ ಅಂದಿದ್ದೇನಾ?”

“ಒಂದು ದಿನ ಅಂದಿರಿ,” ಎಂದಳು ವನೆಸ್ಸಾ.

ಮನೀಶ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದ. ಚಾ ಹಾಗೇ ಉಳಿಯಿತು.

ಒಪ್ಪಿಕೊಳ್ಳುವ ಬದಲು ಅವನು ಇನ್ನೊಂದು ದಾರಿ ಹಿಡಿದ. ಡ್ರೈವರನ್ನು ತಾನೇ ಬರೆದದ್ದು, ತಾನೇ ನೋಡಿಕೊಳ್ಳುತ್ತೇನೆ, ಲಿನಕ್ಸ್‌ಗೆ ಸೇರುವುದು ಬರೇ ದಿನಗಳ ಮಾತು ಎಂದು ಕಾರ್ಕಳದವರಿಗೆ ಹೇಳಿದ. ಅವರು ಒಂದು ದಿನ ಕಂಪ್ಯೂಟರುಗಳನ್ನು ಶಾಲೆಯ ಸಭಾಂಗಣದಲ್ಲಿ ನಡೆಸಿ ತೋರಿಸಲು ಕರೆದರು. ಮಾರಾಟ ನಡೆದರೆ ಊರಿನ ಕಡೆಯ ರಿಪೇರಿ ನೋಡಿಕೊಳ್ಳಬೇಕಾದವನು ಅನ್ಸಾರ್. ಆದ್ದರಿಂದ ಅವನಿಗೂ ಕರೆ ಬಂತು.

“ನಾನೂ ಬರ್ತೇನೆ,” ಎಂದಳು ವನೆಸ್ಸಾ.

“ಎಂತ ಮಾಡಲಿಕ್ಕೆ?”

“ನೋಡಲಿಕ್ಕೆ.”

ಅನ್ಸಾರ್ ಬೇಡ ಎನ್ನಲಿಲ್ಲ.

ಸಂಸ್ಥೆಯ ಕಾರ್ಯದರ್ಶಿ ಲೂಯಿಸ್ ಎಂಬವರು, ನಿವೃತ್ತ ಗಣಿತ ಮೇಷ್ಟ್ರು. ಮೇಜಿನ ಮೇಲೆ ಸಾಲಾಗಿ ಕಂಪ್ಯೂಟರುಗಳಿದ್ದವು. ಒಂದನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿದ್ದರು. ಅದರ ಹತ್ತಿರ ಮನೀಶ್‌ನ ಇಂಜಿನಿಯರ್ ಡಿಂಪಲ್ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತ ವನೆಸ್ಸಾಳನ್ನು ಮನೀಶ್ ನೋಡಿದ. ನೋಡಿಯೂ ನೋಡದವನಂತೆ ಮಾತು ಶುರು ಮಾಡಿದ. ಕಾರ್ಖಾನೆಯವರು ವಿವರ ಕೊಡದೆ ಹೋದದ್ದು, ಚಿಪ್‌ನ ಭಾಷೆಯನ್ನು ಕದ್ದು ಕೇಳಿ ಕಲಿತದ್ದು, ವರ್ಷಗಟ್ಟಲೆ ನಿದ್ದೆ ಕೆಟ್ಟದ್ದು ಎಲ್ಲವನ್ನೂ ಹೇಳಿದ. ಅವಳ ಜೀವನದ ಆ ವರ್ಷವನ್ನು ಅವನು ‘ನಾನು’ ‘ನಾನು’ ಎಂದು ಹೇಳುವುದನ್ನು ಅವಳು ಕದಲದೆ ಕೇಳಿದಳು.

ವೈಫೈ ಚೆನ್ನಾಗಿ ನಡೆಯಿತು. ಎಲ್ಲರೂ ಊಟಕ್ಕೆ ಎದ್ದಾಗ ಅನ್ಸಾರ್ ಕೇಳಿದ, “ಶಾಲೆಯಲ್ಲಿ ಮಧ್ಯಾಹ್ನ ಕಂಪ್ಯೂಟರುಗಳನ್ನು ಮಲಗಿಸಿ ಹೋಗ್ತಾರಲ್ವಾ? ಈಗಲೂ ಹಾಗೇ ಮಾಡಿ ಹೋಗುವಾ?”

ಲೂಯಿಸ್ ಒಳ್ಳೆಯದು ಎಂದರು. ಮನೀಶ್‌ಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ.

ಅನ್ನ, ಸಾಂಬಾರು, ಪಾಯಸ ಆಗಿ, ಮಾತು ಬೆಳೆದು, ಎಲ್ಲರೂ ತಿರುಗಿ ಬರುವಾಗ ಕಂಪ್ಯೂಟರುಗಳು ಬಹಳ ಹೊತ್ತು ಮಲಗಿದ್ದವು. ಡಿಂಪಲ್ ಒಂದೊಂದನ್ನೇ ಎಬ್ಬಿಸಿದಳು. ಒಂದರಲ್ಲೂ ವೈಫೈ ಇರಲಿಲ್ಲ.

“ಎಂತ ಆಯಿತು?” ಎಂದರು ಲೂಯಿಸ್.

“ಸಣ್ಣ ವಿಷಯ ಸರ್, ಈಗ ಆಗ್ತದೆ,” ಎಂದ ಮನೀಶ್.

“ಯಾಕೆ ಹೀಗಾಯಿತು ಅಂತ ಕೇಳಿದ್ದು. ಬರೆದವರು ನೀವಲ್ವಾ?”

ಮನೀಶ್ ಬಾಯಿ ತೆರೆದ. ಸಭಾಂಗಣ ಕಾದಿತ್ತು. ಅವನು ಸಿಗ್ನಲ್ ಎಂದ, ಕಟ್ಟಡದ ಗೋಡೆ ಎಂದ, ಕರೆಂಟು ಎಂದ. ಬೆಳಿಗ್ಗೆ ಇದೇ ಗೋಡೆ ಇತ್ತಲ್ಲ ಎಂದರು ಲೂಯಿಸ್. ಅವನ ಕುತ್ತಿಗೆ ಬೆವರಿ ಕಾಲರ್ ಒದ್ದೆಯಾದದ್ದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. ವನೆಸ್ಸಾ ಅದನ್ನು ಮನಸ್ಸು ತುಂಬುವಷ್ಟು ನೋಡಿದಳು. ಆಮೇಲೆ ತಲೆ ಬಗ್ಗಿಸಿ ಒಂದು ಗುಂಡಿ ಒತ್ತಿದಳು.

ಮನೀಶ್ ಅವಳ ಬೆಂಚಿನ ಹತ್ತಿರ ಬಂದು ತುಳುವಿನಲ್ಲಿ, ತಗ್ಗಿದ ಧ್ವನಿಯಲ್ಲಿ ಕೇಳಿದ. “ಸರಿ ಮಾಡಿ ಕೊಡು. ಒಂದು ಹತ್ತು ನಿಮಿಷ. ಹೆಸರಿನ ವಿಷಯ ಆಮೇಲೆ ನೋಡುವ.”

“ಕಳಿಸಿ ಆಯಿತು, ಸರ್. ಲಿಸ್ಟಿನಲ್ಲಿ ಉಂಟು. ಯಾರು ಬೇಕಾದರೂ ತೆಗೆದುಕೊಳ್ಳಬಹುದು.”

ಅವನು ತಿರುಗುವಷ್ಟರಲ್ಲಿ ಡಿಂಪಲ್ ತನ್ನ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಲಿಸ್ಟ್ ತೆರೆದಿದ್ದಳು. ಎಲ್ಲಕ್ಕಿಂತ ಮೇಲೆ ಈಗಷ್ಟೇ ಬಂದ ತಿದ್ದುಪಡಿಯಿತ್ತು. ಡಿಂಪಲ್ ಯಾರನ್ನೂ ಕೇಳದೆ ಅದನ್ನು ತೆರೆದಳು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅದರ ವಿವರಣೆ ಆಳೆತ್ತರ ಮೂಡಿತು: ದೀರ್ಘ ನಿದ್ದೆಯ ನಂತರ ಚಿಪ್ ಏಕೆ ಸುಳ್ಳು ಹೇಳುತ್ತದೆ, ಏನು ಮಾಡಬೇಕು, ಎಂಬುದು ಮೊದಲು. ಅದರ ಕೆಳಗೆ, ‘ಈ ಡ್ರೈವರನ್ನು ಮೂಲತಃ ಬರೆದವಳು ನಾನು, ವನೆಸ್ಸಾ ರೊಸಾರಿಯೊ. ಇದನ್ನು ತನ್ನದೆಂದು ಇಲ್ಲಿಗೆ ಕಳಿಸಿದ ಮನೀಶ್ ಪ್ರಶ್ನೆಗಳಿಗೆ ಉತ್ತರ ಕೊಡದೆ ಹೋದದ್ದು ಅವರು ಇದನ್ನು ಬರೆಯದ ಕಾರಣ.’

ಡಿಂಪಲ್ ತಿದ್ದುಪಡಿ ಹಾಕಿದಳು. ವೈಫೈ ಬಂತು. ಯಾರೂ ಕಂಪ್ಯೂಟರ್ ನೋಡುತ್ತಿರಲಿಲ್ಲ.

ಲೂಯಿಸ್ ಗೋಡೆಯ ಮೇಲಿನದನ್ನು ನಿಧಾನವಾಗಿ ಓದಿ ಮುಗಿಸಿದರು. “ಈ ವನೆಸ್ಸಾ ಯಾರು?”

“ಹಿಂದೆ ನಮ್ಮಲ್ಲಿ ಇದ್ದವಳು,” ಎಂದ ಮನೀಶ್.

“ಮತ್ತೆ ಬೆಳಿಗ್ಗೆ ನೀವು ಹೇಳಿದ್ದು?”

ಮನೀಶ್‌ನ ತುಟಿಗಳು ಅಲುಗಿದವು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನು ತನ್ನ ಕಂಪ್ಯೂಟರುಗಳ ವಯರು ಬಿಚ್ಚತೊಡಗಿದ. ವನೆಸ್ಸಾ ಅವನು ಕೊನೆಯ ವಯರು ಸುತ್ತಿ ಮುಗಿಸುವ ತನಕ ಕೂತಿದ್ದಳು.

ಕಾರ್ಕಳದವರು ಪಡುಗಾಳಿಯನ್ನು ಬಿಟ್ಟರು. ಅದೇ ಬಗೆಯ ಕಂಪ್ಯೂಟರುಗಳನ್ನು ಬೇರೆಡೆಯಿಂದ ತರಿಸಿ ಕೊಡುವಂತೆ ಅನ್ಸಾರ್‌ಗೆ ಹೇಳಿದರು. ಲಿಸ್ಟಿನಲ್ಲಿ ಪ್ರಾಗ್‌ನವಳು ಮನೀಶ್‌ಗೆ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿದಳು. ಅವನು ಬರೆಯಲಿಲ್ಲ. ಡ್ರೈವರ್ ವನೆಸ್ಸಾಳ ಹೆಸರಿನಲ್ಲಿ ಸೇರಿತು, ಅವಳು ಬರೆದ ಆ ವಾಕ್ಯದ ಸಮೇತ. ಆಮೇಲೆ ಮನೀಶ್ ಫೋನು ಮಾಡಿದ.

“ಗೆದ್ದೆಯಲ್ಲ. ಈಗ ಆ ಒಂದು ವಾಕ್ಯ ತೆಗೆಸು. ನನ್ನ ಹೆಸರು ಹುಡುಕಿದವರಿಗೆಲ್ಲ ಅದೇ ಸಿಗ್ತದೆ.”

“ಸೇರಿದ್ದನ್ನು ತೆಗೆಯಲಿಕ್ಕೆ ಯಾರಿಂದಲೂ ಆಗುವುದಿಲ್ಲ, ಸರ್.”

“ಆಗುವ ಹಾಗಿದ್ದರೆ ತೆಗೀತಿದ್ದೆಯಾ?”

“ಇಲ್ಲ,” ಎಂದಳು ವನೆಸ್ಸಾ.

ಅವಳ ಲೆಕ್ಕದಲ್ಲಿ ಇಲ್ಲದ್ದು ಒಂದಿತ್ತು. ಮನೀಶ್ ಡಿಂಪಲ್‌ಳನ್ನು ಕೆಲಸದಿಂದ ತೆಗೆದ. ಅನ್ಸಾರ್ ಅವಳನ್ನು ಕಾರ್ಕಳದ ಶಾಲೆಗಳ ಕೆಲಸಕ್ಕೆ ತೆಗೆದುಕೊಂಡ. ಒಂದು ದಿನ ವನೆಸ್ಸಾ ಅಂಗಡಿಗೆ ಹೋದಾಗ ಡಿಂಪಲ್ ಸ್ಕ್ರೂ ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಲಿಸ್ಟಿನಲ್ಲಿ ನಿಮಗೆ ಉತ್ತರ ಬರೀತಿದ್ದದ್ದು ನಾನು,” ಎಂದಳು. “ಗೊತ್ತಿಲ್ಲದ್ದಕ್ಕೆ ಉದ್ದುದ್ದ ಬರೆ ಅಂತ ಅವರು ತಲೆಯ ಮೇಲೆ ನಿಲ್ಲುತ್ತಿದ್ದರು. ನೀವು ಮತ್ತೆ ಕೇಳ್ತಿದ್ದಿರಿ. ನೀವು ಅವರಿಗೆ ಹೊಡೆದ ಕಲ್ಲೆಲ್ಲ ನನಗೆ ತಾಗಿತು.”

“ನನಗೆ ಗೊತ್ತಿರಲಿಲ್ಲ.”

“ಗೊತ್ತಿದ್ದರೆ ನಿಲ್ಲಿಸ್ತಿದ್ದಿರಾ?”

ವನೆಸ್ಸಾ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಇಲ್ಲ ಅನಿಸ್ತದೆ,” ಎಂದಳು. ಡಿಂಪಲ್ ತಲೆ ಆಡಿಸಿ ಸ್ಕ್ರೂ ಬಿಗಿಯುವುದನ್ನು ಮುಂದುವರಿಸಿದಳು. ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ಬೆಳೆಯಲೇ ಇಲ್ಲ.

ಮಳೆಗಾಲ ಮುಗಿಯುವಾಗ ಮನೀಶ್ ಬೇರೆ ಚಿಪ್‌ಗೆ ಬದಲಾದ. ಅದರ ವೈಫೈಯೂ ಹೊಸ ಲಿನಕ್ಸ್‌ನಲ್ಲಿ ನಿಂತಿತು. ಒಂದು ಬೆಳಿಗ್ಗೆ ಅದೇ ಲಿಸ್ಟಿನಲ್ಲಿ ಅವನ ಕಂಪನಿಯ ಹೆಸರಿನಿಂದ ಸಹಾಯ ಕೇಳಿ ನಾಲ್ಕು ಸಾಲು ಬಂದಿತ್ತು. ವನೆಸ್ಸಾ ಓದಿದಳು. ಕಾರಣ ಅವಳಿಗೆ ಓದುತ್ತಿದ್ದಂತೆ ಹೊಳೆಯಿತು, ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದದ್ದು. ಅವಳು ಉತ್ತರ ಬರೆಯದೆ ಲ್ಯಾಪ್‌ಟಾಪ್ ಮುಚ್ಚಿ, ತಾಯಿಯೊಡನೆ ಉಡುಪಿಗೆ ಹೋಗಿ, ಸೀರೆಗೆ ಫಾಲ್ಸ್ ಹೊಲಿಯಲು ಕೊಟ್ಟು, ಮೀನು ತಂದು, ಸಾರು ಮಾಡಿ ಉಂಡಳು. ಆ ದಿನವೆಲ್ಲ ಅವಳ ಮನಸ್ಸು ಹಗುರವಾಗಿತ್ತು.

ಸಂಜೆ ಮತ್ತೆ ತೆರೆದು ನೋಡಿದರೆ ಬ್ರೆಜಿಲ್‌ನ ಯಾರೋ ಒಬ್ಬ ಉತ್ತರ ಕೊಟ್ಟಿದ್ದ, ಸರಿಯಾದ ಉತ್ತರವನ್ನೇ. ಅವಳಿಗೆ ಸ್ವಲ್ಪ ಬೇಸರವಾಯಿತು.